ಮನಸ್ಸಿನ ಓದು, ಅನ್ನದ ದಾರಿ

“ಮನುಷ್ಯರ ಮನಸ್ಸು, ಪ್ರಾಣಿಗಳ ಮನಸ್ಸು ಎರಡನ್ನೂ ಓದುತ್ತಾಳಂತೆ ಮೇಷ್ಟ್ರೇ. ಓದಿದ ಮೇಲೆ ಹೊಟ್ಟೆಗೇನು?” ಮಗಳನ್ನು ಕರೆತಂದಿದ್ದ ನನ್ನ ಹಳೆಯ ವಿದ್ಯಾರ್ಥಿ ಹೀಗೆ ಕೇಳಿದಾಗ ನನಗೆ ನೆನಪಾದವರು ಅಮೆರಿಕದ ಬ್ರೆಲೆಂಡ್ ದಂಪತಿಗಳು.

ಕೆಲರ್ ಮತ್ತು ಮೇರಿಯನ್ ಬ್ರೆಲೆಂಡ್ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಪ್ರಸಿದ್ಧ ಮನಃಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರರ ಶಿಷ್ಯರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪಾರಿವಾಳಗಳಿಗೆ ಗುರಿಯ ಚಿತ್ರವನ್ನು ಕುಕ್ಕಲು ಕಲಿಸಿ, ಬಾಂಬಿಗೆ ದಾರಿ ತೋರಿಸುವ ಯೋಜನೆಯೊಂದನ್ನು ಸ್ಕಿನ್ನರರು ಹೂಡಿದ್ದರು. ಇವರೂ ಅದರಲ್ಲಿ ದುಡಿದರು. ಯೋಜನೆ 1944ರಲ್ಲಿ ನಿಂತುಹೋಯಿತು, ಪಾರಿವಾಳಗಳ ಪುಣ್ಯ! ಆದರೆ ಪ್ರಯೋಗಾಲಯದ ಈ ವಿದ್ಯೆಯಿಂದ ಬದುಕಲೂ ಸಾಧ್ಯವೆಂಬ ಧೈರ್ಯ ಆ ದಂಪತಿಗಳಿಗೆ ಬಂದಿತು. ಡಾಕ್ಟರೇಟ್ ಮುಗಿಸದೆ ಹೊರಬಿದ್ದು, 1947ರಲ್ಲಿ ಪ್ರಾಣಿಗಳಿಗೆ ತರಬೇತಿ ನೀಡುವ ಸಂಸ್ಥೆಯನ್ನು ಕಟ್ಟಿದರು. ಪಶು ಆಹಾರದ ಜಾಹೀರಾತಿಗಾಗಿ ಕೋಳಿಗಳನ್ನು ಕುಣಿಸಿದರು. ಮುಂದೆ ಅರ್ಕಾನ್ಸಾಸ್ ಪ್ರಾಂತದ ಹಾಟ್ ಸ್ಪ್ರಿಂಗ್ಸಿಗೆ ಹೋಗಿ ಪ್ರಾಣಿಪ್ರದರ್ಶನವನ್ನೇ ನಡೆಸಿದರು.

ಹೊಟ್ಟೆಪಾಡಿನ ಈ ಕೆಲಸದಲ್ಲೇ ಅವರಿಗೆ ಶಾಸ್ತ್ರದ ದೋಷವೊಂದು ಕಾಣಿಸಿತು. ಮರದ ನಾಣ್ಯವನ್ನು ಎತ್ತಿ ಪೆಟ್ಟಿಗೆಗೆ ಹಾಕಲು ಹಂದಿಗೆ ಕಲಿಸಿದರು, ಹಾಕಿದರೆ ತಿನಿಸು. ಮೊದಮೊದಲು ಚುರುಕಾಗಿ ಕಲಿತ ಹಂದಿ ಬರಬರುತ್ತ ನಾಣ್ಯವನ್ನು ನೆಲಕ್ಕೆ ಕೆಡವಿ, ಮೂತಿಯಿಂದ ಕೆದಕಿ, ಮೇಲಕ್ಕೆಸೆದು ಹೊತ್ತು ಕಳೆಯತೊಡಗಿತು. ಹಸಿದಷ್ಟೂ ಈ ಚಾಳಿ ಹೆಚ್ಚಿತು. ರಕೂನೆಂಬ ಪ್ರಾಣಿಯಂತೂ ಎರಡು ನಾಣ್ಯ ಕೊಟ್ಟರೆ ಜಿಪುಣ ಶೆಟ್ಟಿಯಂತೆ ಉಜ್ಜುತ್ತ ಕುಳಿತುಬಿಡುತ್ತಿತ್ತು. ಬಹುಮಾನದಿಂದ ಯಾವ ನಡತೆಯನ್ನಾದರೂ ರೂಪಿಸಬಹುದೆಂಬ ನಂಬಿಕೆಯಲ್ಲಿ ಬೆಳೆದವರು, ಹುಟ್ಟುಗುಣ ಕಲಿಕೆಯನ್ನು ಮೀರುತ್ತದೆಂದು 1961ರಲ್ಲಿ ಪ್ರಕಟಿಸಿಯೇಬಿಟ್ಟರು. ‘ಜೀವಿಗಳ ದುರ್ನಡತೆ’ ಎಂಬರ್ಥದ ಆ ಶೀರ್ಷಿಕೆ ಗುರುವಿನ 1938ರ ಗ್ರಂಥದ ಹೆಸರನ್ನೇ ಚುಚ್ಚುವಂಥದು. ಗುರುವಿಗೆ ಎದುರು ನುಡಿದ ಶಿಷ್ಯರನ್ನು ನಾನು ಗೌರವಿಸುತ್ತೇನೆ, ಅದು ನನ್ನ ತರಗತಿಯಲ್ಲಿ ನಡೆಯದಿದ್ದಾಗ ಇನ್ನಷ್ಟು. ಕೆಲರ್ 1965ರಲ್ಲಿ ತೀರಿಕೊಂಡರು. ಮೇರಿಯನ್ ತಾವು ಬಿಟ್ಟಿದ್ದ ಡಾಕ್ಟರೇಟನ್ನು 1978ರಲ್ಲಿ ಪಡೆದು ಅಧ್ಯಾಪಕಿಯಾದರು.

ನಮ್ಮಲ್ಲಿ ಇಂಥ ಸಾಹಸಕ್ಕೆ ದಾರಿ ಕಿರಿದು, ಇಲ್ಲದಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಷ್ಟು ಹಿಂದೆಯೇ ಮನಃಶಾಸ್ತ್ರ ವಿಭಾಗವನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ತೆರೆದವರು. ಓದಿದ್ದು ಮನಸ್ಸು, ಕಟ್ಟಿದ್ದು ಬಾನುಲಿ! ಅದೇ ವಿಭಾಗದ ಮೇವಾ ಸಿಂಗ್ ಸಿಂಗಳೀಕಗಳನ್ನೂ ಕಾಡುಪಾಪಗಳನ್ನೂ ಅವುಗಳ ಕಾಡಿನಲ್ಲಿಯೇ ಅಭ್ಯಸಿಸಿದರು. ಅವರ ಗೌರವಾರ್ಥ 2017ರಲ್ಲಿ ಕೇರಳದ ಒಂದು ಕಪ್ಪೆಗೆ ಅವರ ಹೆಸರನ್ನಿಟ್ಟಿದ್ದಾರೆ.

ಇಷ್ಟನ್ನು ಕೇಳಿ ಹುಡುಗಿಯ ಕಣ್ಣರಳಿತು, ತಂದೆಯ ಹುಬ್ಬು ಗಂಟಿಕ್ಕಿತು. ಆತನಿಗೆ ಬೇರೆಯದನ್ನೂ ಹೇಳಬೇಕಾಯಿತು. ಬರಿಯ ಬಿ.ಎ. ಪದವಿಯಿಂದ ಯಾರೂ ಚಿಕಿತ್ಸಕರಾಗಲಾರರು; ಸ್ನಾತಕೋತ್ತರ ಪದವಿಯ ಮೇಲೆ ಮತ್ತೆ ವೃತ್ತಿತರಬೇತಿ ಬೇಕು, 1992ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಬೇಕು. ಬೆಂಗಳೂರಿನ ನಿಮ್ಹಾನ್ಸಿನಂಥ ಕಡೆ ಸೀಟುಗಳು ಕಡಿಮೆ, ಪೈಪೋಟಿ ಬಹಳ. ಪ್ರಾಣಿಗಳ ಕಡೆ ಹೋದರೆ ಸಂಶೋಧನೆಯೇ ಮುಖ್ಯ, ಅದಕ್ಕೆ ಸಂಬಳಕ್ಕಿಂತ ಮೊದಲು ತಾಳ್ಮೆ ಬೇಕು.

ಆತ ಬೆರಳು ಮಡಚಿ ವರ್ಷಗಳನ್ನು ಎಣಿಸತೊಡಗಿದ. ಮಗಳು ಕಾಡುಪಾಪವನ್ನು ಎಲ್ಲಿ ನೋಡಬಹುದೆಂದು ನನ್ನನ್ನು ಕೇಳಿದಳು.