ಹೊಳೆ ಆಚೆ ಬೇರೆ ದೇಶ ಇದ್ದ ಹದಿಮೂರು ತಿಂಗಳು

ಸೆಪ್ಟೆಂಬರ್ 17ಕ್ಕೆ ಹೊಸಪೇಟೆಯಲ್ಲೂ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜ ಏರುತ್ತದೆ. ನಿಜಾಮನಿಂದ ಬಿಡುಗಡೆಯಾದ ದಿನ ಅಂತ ಭಾಷಣ ಮಾಡ್ತಾರೆ. ಆದರೆ ನಮ್ಮ ಗಾದಿಗನೂರಾಗಲಿ, ಹೊಸಪೇಟೆ, ಕಂಪ್ಲಿಯಾಗಲಿ 1948ರಲ್ಲಿ ನಿಜಾಮನ ಕೈಕೆಳಗೆ ಇರಲೇ ಇಲ್ಲ. ನಾವು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯವರು.

ಇದರ ಬೇರು 1800ರಲ್ಲಿದೆ. ಟಿಪ್ಪು ಬಿದ್ದ ಮೇಲೆ ನಿಜಾಮ ತನ್ನ ಪಾಲಿಗೆ ಬಂದಿದ್ದ ಬಳ್ಳಾರಿ ಸೀಮೆಯನ್ನು ಇಂಗ್ಲಿಷರ ಸೈನ್ಯದ ಖರ್ಚಿಗೆ ಅಂತ ಕಂಪನಿಗೆ ಬಿಟ್ಟುಕೊಟ್ಟ. ಅಂದಿನಿಂದ ತುಂಗಭದ್ರೆಯೇ ಗಡಿ. ಆನೆಗೊಂದಿ, ಗಂಗಾವತಿ, ಕೊಪ್ಪಳ ಆಚೆಗೆ, ಹಂಪಿ, ಕಂಪ್ಲಿ ಈಚೆಗೆ. ಒಂದೇ ರಾಜಧಾನಿಯ ಎರಡು ದಂಡೆ ಎರಡು ಸರ್ಕಾರದ ಪಾಲಾದವು. ಸಾಲದ್ದಕ್ಕೆ ನಮ್ಮ ದಕ್ಷಿಣದ ಗುಡ್ಡದ ಆಚೆ ಸಂಡೂರು ಘೋರ್ಪಡೆಯವರ ಸಂಸ್ಥಾನ. ಅದು ಸೇರಿದ್ದು 1949ರ ಏಪ್ರಿಲ್‌ನಲ್ಲಿ.

ಆಚೆ ದಂಡೆಯಲ್ಲಿ ಕಚೇರಿ ಭಾಷೆ ಉರ್ದು, ನಾಣ್ಯ ಹಾಲಿ ಸಿಕ್ಕ. ನಮ್ಮ 6 ರೂಪಾಯಿಗೆ ಅಲ್ಲಿಯ ಸುಮಾರು 7. ಮಾಲು ದಾಟಿಸಿದರೆ ಸುಂಕ. ಬೀಗರು ಆಚೆ, ಹೊಲ ಈಚೆ ಅಂದರೆ ಹರಗೋಲು ಹತ್ತುವಾಗ ಕಿಸೆಯಲ್ಲಿ ಎರಡು ಥರದ ದುಡ್ಡು ಇರಬೇಕು.

1947ರ ಆಗಸ್ಟ್ 15ಕ್ಕೆ ಈಚೆ ದಂಡೆ ಸ್ವತಂತ್ರ ಭಾರತ. ನಿಜಾಮ ಮಾತ್ರ ಸೇರಲ್ಲ ಅಂದ. ಮುಂದೆ 13 ತಿಂಗಳು ಆ ಹೊಳೆ ಹೆಚ್ಚುಕಡಿಮೆ ದೇಶದ ಗಡಿಯೇ ಆಯ್ತು. ಗಾದಿಗನೂರು ಸ್ಟೇಷನ್ ದಾಟಿ ಹೊಸಪೇಟೆಗೆ ಹೋದ ರೈಲು ಸೇತುವೆ ಮೇಲೆ ಹೊಳೆ ದಾಟಿ ನಿಜಾಮನ ಸೀಮೆಗೆ ಇಳಿಯುತ್ತಿತ್ತು, ಕೊಪ್ಪಳ ಕಳೆದು ಗದಗಿನ ಹತ್ತಿರ ಮತ್ತೆ ಭಾರತ. ರಜಾಕಾರರ ಹಾವಳಿಗೆ ಅಂಜಿ ಆಚೆಯ ಊರವರು ಗಡಿ ದಾಟಿ ಬಂದರು. ಮುಂಡರಗಿ ಶಿಬಿರದಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳಂಥವರು ಹೋರಾಟ ಕಟ್ಟಿದರು. 1948ರ ಸೆಪ್ಟೆಂಬರ್ 13ಕ್ಕೆ ಸೈನ್ಯ ನುಗ್ಗಿತು, 17ಕ್ಕೆ ನಿಜಾಮ ಶರಣಾದ.

ಇಷ್ಟೆಲ್ಲ ಆಗುವಾಗ ಅದೇ ಹೊಳೆಗೆ ಡ್ಯಾಮ್ ಏಳುತ್ತಿತ್ತು, ನೋಡಿ! ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಸೋಜಿಗ ಅದೇ. 1944ರಲ್ಲಿ ಮದ್ರಾಸ್, ಹೈದರಾಬಾದ್ ಎರಡೂ ತಲಾ 65 ಟಿಎಂಸಿ ಅಂತ ಒಪ್ಪಂದ ಮಾಡಿಕೊಂಡವು. 1945ರ ಫೆಬ್ರವರಿ 28ಕ್ಕೆ ಎಡದಂಡೆಯಲ್ಲಿ ಬೀರಾರಿನ ರಾಜಕುಮಾರ, ಬಲದಂಡೆಯಲ್ಲಿ ಮದ್ರಾಸ್ ಗವರ್ನರ್ ಆರ್ಥರ್ ಹೋಪ್ ಅಡಿಗಲ್ಲು ಹಾಕಿದರು. ಒಂದು ಡ್ಯಾಮಿಗೆ ಎರಡು ಅಡಿಗಲ್ಲು. ಕಲ್ಲು, ಸುರ್ಕಿ ಗಾರೆಯ ಕಟ್ಟಡ ಎರಡೂ ಕಡೆಯಿಂದ ಎದ್ದು ನಡುವೆ ಕೂಡಬೇಕು. ಕೂಡಿತು ಕೂಡ.

ಆಮೇಲೆ ಗಡಿಯೇ ಜಾಗ ಬದಲಿಸಿತು. 1953ರ ಅಕ್ಟೋಬರ್ 1ಕ್ಕೆ ಹೊಸಪೇಟೆ, ಬಳ್ಳಾರಿ ಮೈಸೂರಿಗೆ ಬಂದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಲದಂಡೆಯ ನೀರು ಎರಡು ರಾಜ್ಯದ ಪಾಲಾಯ್ತು, ಅದನ್ನು ಹಂಚಲಿಕ್ಕೆ ತುಂಗಭದ್ರಾ ಮಂಡಳಿ ಹುಟ್ಟಿತು. 1956ರಲ್ಲಿ ಕೊಪ್ಪಳ, ರಾಯಚೂರು ನಮ್ಮ ರಾಜ್ಯಕ್ಕೇ ಸೇರಿದ್ದರಿಂದ ಎಡದಂಡೆ ಕಾಲುವೆ ನಮ್ಮ ನೀರಾವರಿ ಇಲಾಖೆಯ ಕೈಯಲ್ಲಿದೆ. ಗಂಗಾವತಿ ರೈತ ಒಂದು ಬಾಗಿಲು ಬಡಿದರೆ ಕಂಪ್ಲಿ ರೈತ ಇನ್ನೊಂದು ಬಾಗಿಲು ಬಡಿಯೋದು ಇದಕ್ಕೇ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋದಾಗ ಮಾತ್ರ ಎರಡೂ ದಂಡೆಯವರು ಡ್ಯಾಮಿನ ಕಡೆ ಒಂದೇ ದಿಗಿಲಲ್ಲಿ ನೋಡುತ್ತಾ ನಿಂತಿದ್ದೆವು.