ರಾಮಾನುಜ ಎಂಬ ಹೆಸರಿನವರು



ರಾಮನ ಬೆನ್ನಿಗೆ ಹುಟ್ಟಿದವನು ರಾಮಾನುಜ, ಅಂದರೆ ಲಕ್ಷ್ಮಣ. ಭರತ ಶತ್ರುಘ್ನರೂ ರಾಮನ ತಮ್ಮಂದಿರೇ. ಆದರೂ ಈ ಹೆಸರು ಕೇಳಿದೊಡನೆ ನೆನಪಿಗೆ ಬರುವವನು ಅಣ್ಣನ ಹಿಂದೆ ಕಾಡಿಗೆ ಹೊರಟ ಲಕ್ಷ್ಮಣನೇ. ಈ ಹೆಸರನ್ನು ಹೊತ್ತ ಮೂವರ ವಿಷಯವನ್ನು ಇಂದು ನಿಮ್ಮ ಮುಂದಿಡುತ್ತೇನೆ. ಒಬ್ಬರು ಮತಾಚಾರ್ಯರು, ಒಬ್ಬರು ಗಣಿತಜ್ಞರು, ಇನ್ನೊಬ್ಬರು ಕವಿ. ಮೊದಲನೆಯವರಿಗೂ ಕೊನೆಯವರಿಗೂ ಒಂಬೈನೂರು ವರ್ಷಗಳ ಅಂತರ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಒಂದೇ ಹೆಸರಿನ ಖಾತೆದಾರರು ಎಂದರೆ ನಮಗೆ ದಿನನಿತ್ಯದ ತಲೆನೋವು. ನಮ್ಮ ಕಡೆ ಒಂದು ಲೆಡ್ಜರ್ ತೆರೆದರೆ ಮಾದಪ್ಪ ಎಂದು ಹತ್ತು ಜನ, ಬಸವಣ್ಣ ಎಂದು ಎಂಟು ಜನ. ತಂದೆಯ ಹೆಸರು, ಊರ ಹೆಸರು, ಸಹಿ, ಹೆಬ್ಬೆಟ್ಟು ಎಲ್ಲವನ್ನೂ ತಾಳೆ ನೋಡಿ ಇವನು ಅವನಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಗಡಿಯಲ್ಲಿ ಇದರ ತಿರುವುಮುರುವಾದ ತೊಡಕೂ ಇದೆ. ತಮಿಳು ಲಿಪಿಯಲ್ಲಿ ಬ ಮತ್ತು ಪ ಅಕ್ಷರಗಳಿಗೆ ಒಂದೇ ರೂಪ, ಗ ಮತ್ತು ಕ ಅಕ್ಷರಗಳಿಗೂ ಒಂದೇ ರೂಪ. ಹೀಗಾಗಿ ಕನ್ನಡದ ಬಸವಣ್ಣ ತಮಿಳಿನ ಕಾಗದವನ್ನು ಹಾದು ಇಂಗ್ಲಿಷಿಗೆ ಬರುವಷ್ಟರಲ್ಲಿ ಪಸವಣ್ಣನಾಗಿರುತ್ತಾನೆ. ರೇಷನ್ ಕಾರ್ಡಿನಲ್ಲಿ ಒಂದು, ಜಮೀನಿನ ಪಟ್ಟಾದಲ್ಲಿ ಒಂದು, ಶಾಲೆಯ ಟಿ.ಸಿ.ಯಲ್ಲಿ ಇನ್ನೊಂದು. ಮೂರೂ ಹೆಸರಿನವನು ತಾನೊಬ್ಬನೇ ಎಂದು ಆ ಬಡವ ಅಫಿಡವಿಟ್ ಮಾಡಿಸಿ ತರಬೇಕು. ಹೀಗೆ ಹೆಸರುಗಳ ನಡುವೆಯೇ ಕೆಲಸ ಮಾಡಿದವನಿಗೆ ಈ ರಾಮಾನುಜರ ಲೆಕ್ಕ ಕುತೂಹಲದ್ದಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಮೊದಲು ಗಣಿತದವರಿಂದಲೇ ಆರಂಭಿಸೋಣ. ತಾಳವಾಡಿ ಕಡೆಯ ಕೇಳುಗರು ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಬಣ್ಣಾರಿ, ಸತ್ಯಮಂಗಲ ದಾಟಿ, ಕಲೆಕ್ಟರ್ ಕಚೇರಿಗೋ ಅರಿಶಿನದ ವ್ಯಾಪಾರಕ್ಕೋ ಈರೋಡಿಗೆ ಹೋಗುವವರೇ. ಆ ಈರೋಡಿನಲ್ಲಿ, ತಾಯಿಯ ತವರುಮನೆಯಲ್ಲಿ, 1887ರ ಡಿಸೆಂಬರ್ 22ರಂದು ಹುಟ್ಟಿದವರು ಶ್ರೀನಿವಾಸ ರಾಮಾನುಜನ್. ಬೆಳೆದದ್ದು ಕುಂಭಕೋಣದಲ್ಲಿ. ಹೆಸರಿನ ಮೊದಲಿಗಿರುವ ಶ್ರೀನಿವಾಸ ಎಂಬುದು ತಂದೆಯ ಹೆಸರು. ಆ ತಂದೆ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರು.

ಮಗನಿಗೆ ಗಣಿತ ಬಿಟ್ಟರೆ ಬೇರೆ ಯಾವುದೂ ಬೇಡವಾಗಿತ್ತು. ಹೈಸ್ಕೂಲಿನಲ್ಲಿ ಬಹುಮಾನ ಪಡೆದ ಹುಡುಗ ಕಾಲೇಜಿಗೆ ಹೋದ ಮೇಲೆ ಇತರ ವಿಷಯಗಳಲ್ಲಿ ನಪಾಸಾಗಿ ವಿದ್ಯಾರ್ಥಿವೇತನ ಕಳೆದುಕೊಂಡ. ಎಫ್.ಎ. ಪರೀಕ್ಷೆ ದಾಟಲು ಕೊನೆಗೂ ಆಗಲಿಲ್ಲ. ನಾನೂ ಮೆಟ್ರಿಕ್‌ಗೆ ನಿಂತವನೇ, ಆದರೆ ದಯಮಾಡಿ ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಬೇಡಿ! ಕಾಗದ ಕೊಳ್ಳಲು ಕಾಸಿಲ್ಲದೆ ಸ್ಲೇಟಿನ ಮೇಲೆ ಲೆಕ್ಕ ಮಾಡುವುದು, ಮೊಣಕೈಯಿಂದ ಒರೆಸುವುದು, ಉತ್ತರವನ್ನಷ್ಟೇ ನೋಟ್‌ಪುಸ್ತಕಕ್ಕೆ ಇಳಿಸುವುದು. ಹೀಗಾಗಿ ಆ ಪುಸ್ತಕಗಳಲ್ಲಿ ಉತ್ತರಗಳಿವೆ, ಅಲ್ಲಿಗೆ ತಲುಪಿದ ದಾರಿ ಬಹಳ ಕಡೆ ಇಲ್ಲ. ಅದನ್ನು ಹುಡುಕುತ್ತಾ ಎಷ್ಟೋ ಪಂಡಿತರ ಆಯಸ್ಸು ಕಳೆದಿದೆ.

1909ರಲ್ಲಿ ಮದುವೆಯಾಯಿತು. ಸಂಸಾರ ನಡೆಯಬೇಕಲ್ಲ? ಕೆಲಸಕ್ಕಾಗಿ ಕಂಡಕಂಡವರ ಬಾಗಿಲಿಗೆ ನೋಟ್‌ಪುಸ್ತಕ ಹಿಡಿದು ಅಲೆದರು. ನೆಲ್ಲೂರಿನ ಕಲೆಕ್ಟರ್ ಆಗಿದ್ದ ರಾಮಚಂದ್ರ ರಾವ್ ಅವರು ಕೆಲವು ಕಾಲ ತಿಂಗಳಿಗೆ 25 ರೂಪಾಯಿ ಕೊಟ್ಟು ನೋಡಿಕೊಂಡರು. ಪುಕ್ಕಟೆ ಹಣ ಎಷ್ಟು ದಿನ ಎಂದು ರಾಮಾನುಜನ್‌ಗೇ ಸಂಕೋಚವಾಯಿತು. 1912ರ ಮಾರ್ಚ್ 1ರಂದು ಮದರಾಸಿನ ಪೋರ್ಟ್ ಟ್ರಸ್ಟಿನ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತೆ ಕೆಲಸಕ್ಕೆ ಸೇರಿದರು. ಸಂಬಳ 30 ರೂಪಾಯಿ. ಪುಣ್ಯಕ್ಕೆ ಅಲ್ಲಿ ಮೇಲಿನವರಾಗಿದ್ದ ನಾರಾಯಣ ಅಯ್ಯರ್ ಸ್ವತಃ ಗಣಿತ ಬಲ್ಲವರು. ಕೈಕೆಳಗಿನ ಗುಮಾಸ್ತ ಎಂಥವನೆಂದು ಗುರುತಿಸಿ, ಹಡಗುಕಟ್ಟೆಯ ಮುಖ್ಯಾಧಿಕಾರಿ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರ ಕಿವಿಗೂ ಹಾಕಿದರು. ಕಚೇರಿಯಲ್ಲಿ ಕೂತವರಿಗೆ ಗೊತ್ತು, ಇಂಥ ಮೇಲಧಿಕಾರಿ ಸಿಗುವುದು ಎಷ್ಟು ಅಪರೂಪ ಎಂದು.

ಆ ಗುಮಾಸ್ತೆ ಕುರ್ಚಿಯಲ್ಲಿದ್ದಾಗಲೇ, 1913ರ ಜನವರಿ 16ರಂದು, ಕೇಂಬ್ರಿಜ್‌ನ ಪ್ರೊಫೆಸರ್ ಹಾರ್ಡಿ ಅವರಿಗೆ ಕಾಗದ ಬರೆದರು. ತನಗೆ ಪದವಿ ಇಲ್ಲ, ತಾನು ಲೆಕ್ಕಪತ್ರ ವಿಭಾಗದ ಗುಮಾಸ್ತ ಎಂದು ಮೊದಲೇ ತಿಳಿಸಿ, ಜೊತೆಗೆ ಹಾಳೆಗಟ್ಟಲೆ ಸೂತ್ರಗಳನ್ನು ಇಟ್ಟಿದ್ದರು. ಹಾರ್ಡಿ ಅದನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ತಮ್ಮ ಗೆಳೆಯ ಲಿಟಲ್‌ವುಡ್‌ರ ಜೊತೆ ಕೂತು ಓದಿ, ಇದು ಮೋಸವಲ್ಲ, ಇದನ್ನು ಬರೆದವನು ಮಹಾ ಪ್ರತಿಭಾವಂತ ಎಂದು ತೀರ್ಮಾನಿಸಿದರು. 1914ರ ಮಾರ್ಚ್ 17ರಂದು ರಾಮಾನುಜನ್ ಹಡಗು ಹತ್ತಿದರು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು.

ಎಲ್ಲರೂ 1729ರ ಟ್ಯಾಕ್ಸಿ ಕಥೆ ಹೇಳುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಇನ್ನೊಂದು. ಮನೆಯಲ್ಲಿ ಮಕ್ಕಳಿದ್ದರೆ ಮಾಡಿಸಿ ನೋಡಿ. ಮೇಜಿನ ಮೇಲೆ ಐದು ನಾಣ್ಯ ಇಡಿ. ಅವನ್ನು ಗುಡ್ಡೆಗಳಾಗಿ ಎಷ್ಟು ಬಗೆಯಲ್ಲಿ ಇಡಬಹುದು? ಐದೂ ಒಂದೇ ಗುಡ್ಡೆ, ನಾಲ್ಕು-ಒಂದು, ಮೂರು-ಎರಡು, ಮೂರು-ಒಂದು-ಒಂದು, ಎರಡು-ಎರಡು-ಒಂದು, ಎರಡು ಮತ್ತು ಮೂರು ಒಂದುಗಳು, ಕೊನೆಗೆ ಐದೂ ಬಿಡಿ ಬಿಡಿ. ಒಟ್ಟು 7 ಬಗೆ. ಹತ್ತು ನಾಣ್ಯಕ್ಕೆ 42 ಬಗೆ. ನೂರು ನಾಣ್ಯಕ್ಕೆ? 19 ಕೋಟಿ 5 ಲಕ್ಷ 69 ಸಾವಿರದ 292! ಎಣಿಸುತ್ತಾ ಕೂತರೆ ಜನ್ಮ ಸಾಲದು. ಎಣಿಸದೆಯೇ ಈ ಮೊತ್ತವನ್ನು ಹಿಡಿಯುವ ಸೂತ್ರವನ್ನು ಹಾರ್ಡಿ ಮತ್ತು ರಾಮಾನುಜನ್ ಸೇರಿ 1918ರಲ್ಲಿ ಪ್ರಕಟಿಸಿದರು.

ಮಹಾಯುದ್ಧದ ಕಾಲ, ಚಳಿ ದೇಶ, ಸಸ್ಯಾಹಾರ ಬಿಡದ ಹಟ. ಆರೋಗ್ಯ ಕೆಟ್ಟಿತು. ಕ್ಷಯವೆಂದು ಚಿಕಿತ್ಸೆ ಕೊಟ್ಟರು. ಅದು ಯಕೃತ್ತಿನ ಅಮೀಬಾ ರೋಗವಾಗಿರಬೇಕೆಂದು ಬಹಳ ವರ್ಷಗಳ ಮೇಲೆ ವೈದ್ಯರೊಬ್ಬರು ವಾದಿಸಿದ್ದುಂಟು. 1919ರಲ್ಲಿ ಊರಿಗೆ ಮರಳಿದರು. 1920ರ ಏಪ್ರಿಲ್ 26ರಂದು, 32ನೇ ವಯಸ್ಸಿನಲ್ಲಿ ತೀರಿಕೊಂಡರು. ಹಾಸಿಗೆಯಲ್ಲಿ ಮಲಗಿಯೂ ಬರೆದಿದ್ದ ಹಾಳೆಗಳು 1976ರಲ್ಲಿ ಕೇಂಬ್ರಿಜ್‌ನ ಗ್ರಂಥಾಲಯದಲ್ಲಿ ಸಿಕ್ಕವು. ಹೆಂಡತಿ ಜಾನಕಿಯಮ್ಮನವರು ಹೊಲಿಗೆ ಮಾಡಿ ಬದುಕು ಸಾಗಿಸಿದರು. ಅವರು ಗತಿಸಿದ್ದು 1994ರಲ್ಲಿ. ಗಂಡ ಹೋದ ಮೇಲೆ 74 ವರ್ಷ. ಗಣಿತದ ಪುಸ್ತಕಗಳಲ್ಲಿ ಈ ಲೆಕ್ಕ ಕಾಣುವುದು ಕಡಿಮೆ.

ಈ ಹೆಸರು ಇವರಿಗೆ ಬಂದದ್ದು ಎಲ್ಲಿಂದ? ಅಯ್ಯಂಗಾರ್ ಮನೆಗಳಲ್ಲಿ ಇದು ಬಹಳ ಬಳಕೆಯ ಹೆಸರು. ಮೂಲ ಪುರುಷರು ಶ್ರೀ ರಾಮಾನುಜಾಚಾರ್ಯರು. ಸಂಪ್ರದಾಯದ ಲೆಕ್ಕದಂತೆ 1017ರಲ್ಲಿ ಶ್ರೀಪೆರುಂಬುದೂರಿನಲ್ಲಿ ಹುಟ್ಟಿ 1137ರಲ್ಲಿ ಶ್ರೀರಂಗದಲ್ಲಿ ದೇಹ ಬಿಟ್ಟರು, ಅಂದರೆ 120 ವರ್ಷ. ಇಷ್ಟು ದೀರ್ಘಾಯುಸ್ಸನ್ನು ಇತಿಹಾಸಕಾರರೆಲ್ಲ ಒಪ್ಪುವುದಿಲ್ಲ.

ಚೋಳ ಅರಸನ ಕಿರುಕುಳದಿಂದ ಆಚಾರ್ಯರು ಶ್ರೀರಂಗ ಬಿಟ್ಟು ಪಶ್ಚಿಮಕ್ಕೆ ಹೊರಟರೆಂದು ಗುರುಪರಂಪರೆಯ ಕಥೆಗಳು ಹೇಳುತ್ತವೆ. ಕಾವಿ ಬಿಚ್ಚಿ ಬಿಳಿ ಬಟ್ಟೆ ಉಟ್ಟು, ಕಾಡುದಾರಿ ಹಿಡಿದರು. ನೀಲಗಿರಿಯ ಕಾಡಿನಲ್ಲಿ ಬೇಡರು ಅವರಿಗೂ ಶಿಷ್ಯರಿಗೂ ಜೇನು, ನವಣೆ ಕೊಟ್ಟು ಉಪಚರಿಸಿ ದಾರಿ ತೋರಿಸಿದರಂತೆ. ನೀಲಗಿರಿಯ ಕೇಳುಗರೇ, ಇದು ನಿಮ್ಮ ಬೆಟ್ಟದ ಕಥೆ. ರಾಜನಿಂದ ತಪ್ಪಿಸಿಕೊಂಡು ಬಂದ ಪಂಡಿತರ ಹೊಟ್ಟೆ ತುಂಬಿಸಿದವರು ಕಾಡಿನ ಜನ. ಅಲ್ಲಿಂದ ಮಿರ್ಲೆ, ಸಾಲಿಗ್ರಾಮ, ತೊಂಡನೂರು, ಕೊನೆಗೆ ಮೇಲುಕೋಟೆ.

ಆಗ ಕನ್ನಡ ನಾಡಿನಲ್ಲಿ ಹೊಯ್ಸಳ ಬಿಟ್ಟಿದೇವ ಆಳುತ್ತಿದ್ದ. ಆಚಾರ್ಯರ ಪ್ರಭಾವದಿಂದ ಆತ ಜೈನಧರ್ಮ ಬಿಟ್ಟು ವಿಷ್ಣುವರ್ಧನನಾದ ಎಂಬುದು ಎಲ್ಲರೂ ಕೇಳಿದ ಕಥೆ. ಈ ಮಾತನ್ನು ಸ್ವಲ್ಪ ಹಿಡಿತದಲ್ಲಿಯೇ ಆಡಬೇಕೆಂದು ನನ್ನ ಅಭಿಪ್ರಾಯ. 1117ರಲ್ಲಿ ಬೇಲೂರಿನ ಕೇಶವನ ಗುಡಿ ಪ್ರತಿಷ್ಠೆಯಾದದ್ದು ಹೌದು. ಆದರೆ ರಾಣಿ ಶಾಂತಲೆ ಜೈನಳಾಗಿಯೇ ಉಳಿದು ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. ಹಳೇಬೀಡಿನ ಶಿವಾಲಯ ಎದ್ದದ್ದೂ ಅದೇ ರಾಜನ ಕಾಲದಲ್ಲಿ. ಒಂದು ಧರ್ಮ ಹಿಡಿದು ಉಳಿದುದನ್ನೆಲ್ಲ ನೂಕಿದ ಅರಸನಾಗಿ ಆತ ಕಾಣುವುದಿಲ್ಲ.

ಮೇಲುಕೋಟೆಯಲ್ಲಿ ಆಚಾರ್ಯರು ಅಸ್ಪೃಶ್ಯರೆನಿಸಿಕೊಂಡಿದ್ದವರನ್ನು ತಿರುಕುಲದವರು, ಎಂದರೆ ಶ್ರೀಕುಲದವರು ಎಂದು ಕರೆದು ವರ್ಷಕ್ಕೆ ಕೆಲವು ದಿನ ದೇವಾಲಯ ಪ್ರವೇಶ ಕೊಟ್ಟರೆಂಬ ನಂಬಿಕೆ ಬಲವಾಗಿದೆ. ಕೆಲವೇ ದಿನ ಏಕೆ ಎಂದು ಇಂದಿನವರು ಕೇಳಿದರೆ ಅದೂ ನ್ಯಾಯವಾದ ಪ್ರಶ್ನೆ. ಇನ್ನೊಂದು ವಿಷಯ ಎರಡು ಭಾಷೆಯ ನಮ್ಮಂಥವರಿಗೆ ಹತ್ತಿರದ್ದು. ಆಚಾರ್ಯರ ಮನೆಮಾತು ತಮಿಳು. ಅವರ ಗ್ರಂಥಗಳೆಲ್ಲ ಸಂಸ್ಕೃತ. ನೆಲೆ ಸಿಕ್ಕಿದ್ದು ಕನ್ನಡದ ನೆಲದಲ್ಲಿ. ಮೇಲುಕೋಟೆಯ ಗುಡಿಯಲ್ಲಿ ಆಳ್ವಾರರ ತಮಿಳು ಪಾಶುರಗಳು ಇಂದಿಗೂ ನಡೆಯುತ್ತವೆ, ಹೊರಗೆ ಬಂದರೆ ಪುಳಿಯೋಗರೆ ಮಾರುವವರ ಮಾತು ಕನ್ನಡ. ತೆಲಂಗಾಣದ ಕೇಳುಗರಿಗೆ ಹೈದರಾಬಾದಿನ ಹತ್ತಿರ ಮುಚ್ಚಿಂತಲ್‌ನಲ್ಲಿ 2022ರಲ್ಲಿ ಅನಾವರಣವಾದ 216 ಅಡಿಯ ಆಚಾರ್ಯರ ವಿಗ್ರಹ ಗೊತ್ತೇ ಇದೆ.

ಇಷ್ಟು ಹೇಳುವಾಗ ಕಾಸರಗೋಡು, ವಯನಾಡಿನವರು ನಮ್ಮ ರಾಮಾನುಜನನ್ನು ಏಕೆ ಬಿಟ್ಟಿರಿ ಎಂದು ಕೇಳಿಯಾರು. ಬಿಟ್ಟಿಲ್ಲ. ಮಲಯಾಳ ಭಾಷೆಯ ಪಿತಾಮಹ ತುಂಜತ್ತ್ ರಾಮಾನುಜನ್ ಎಳುತ್ತಚ್ಚನ್ ಇದೇ ಹೆಸರಿನವರು. ಅವರು ಗಿಳಿಯ ಬಾಯಲ್ಲಿ ಹಾಡಿಸಿದ ಅಧ್ಯಾತ್ಮ ರಾಮಾಯಣವನ್ನು ಕರ್ಕಾಟಕ ಮಾಸದಲ್ಲಿ ನಿಮ್ಮ ನೆರೆಮನೆಯವರು ಓದುವುದನ್ನು ಕೇಳಿರುತ್ತೀರಿ. ಅವರ ವಿಷಯಕ್ಕೇ ಒಂದು ಪೂರ್ತಿ ಭಾಷಣ ಬೇಕು, ಇಲ್ಲಿ ಹೆಸರು ಹೇಳಿ ಮುಂದೆ ಹೋಗುತ್ತೇನೆ.

ಕವಿ ಎ.ಕೆ. ರಾಮಾನುಜನ್ ಹುಟ್ಟಿದ್ದು 1929ರ ಮಾರ್ಚ್ 16ರಂದು, ಮೈಸೂರಿನಲ್ಲಿ. ತಂದೆ ಅತ್ತಿಪಟ್ ಆಸೂರಿ ಕೃಷ್ಣಸ್ವಾಮಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್, ಅದೂ ಗಣಿತದ ಪ್ರೊಫೆಸರ್! ಹೆಸರುಗಳನ್ನು ತಾಳೆ ನೋಡುವ ಚಾಳಿಯಿಂದ ಇನ್ನೊಂದೂ ಕಣ್ಣಿಗೆ ಬಿತ್ತು. ರಾಮಾನುಜಾಚಾರ್ಯರ ತಂದೆ ಕೇಶವ ಸೋಮಯಾಜಿಗಳ ಹೆಸರಿನ ಮುಂದೆಯೂ ಇದೇ ಆಸೂರಿ ಎಂಬ ಮನೆತನದ ಹೆಸರಿದೆ.

ಆ ತಂದೆ ಖಗೋಳವನ್ನೂ ಬಲ್ಲವರು, ಜ್ಯೋತಿಷ್ಯವನ್ನೂ ನೋಡುವವರು. ಎರಡನ್ನೂ ಹೇಗೆ ನಂಬುತ್ತೀರಿ ಎಂದು ಹುಡುಗ ಕೇಳಿದಾಗ, ಮಿದುಳಿಗೆ ಎರಡು ಭಾಗ ಇರುವುದು ನಿನಗೆ ಗೊತ್ತಿಲ್ಲವೇ ಎಂದರಂತೆ. ಮಗನೇ ಮುಂದೆ ಒಂದು ಪ್ರಬಂಧದಲ್ಲಿ ಇದನ್ನು ಬರೆದಿದ್ದಾರೆ. ಮನೆಯ ಮಹಡಿಯ ಮೇಲೆ ತಂದೆಯ ಓದುಕೋಣೆಯಲ್ಲಿ ಇಂಗ್ಲಿಷು, ಕೆಳಗೆ ಅಡುಗೆಮನೆಯಲ್ಲಿ ತಾಯಿಯ ತಮಿಳು, ಬೀದಿಗಿಳಿದರೆ ಕನ್ನಡ. ನಮ್ಮ ಕಡೆಯ ಮಕ್ಕಳನ್ನು ಬಂದವರು ಹೋದವರು, ನೀನು ಕನ್ನಡದವನೋ ತಮಿಳಿನವನೋ ಎಂದು ಕೇಳುವುದುಂಟು. ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿಗೆ ಊರ ಹೊರಗಿನ ಕಚೇರಿಯಲ್ಲಿ ಈ ಪ್ರಶ್ನೆ ಹಾಸ್ಯವಾಗಿ ಕೇಳಿಸುವುದಿಲ್ಲ. ಎರಡರಲ್ಲಿ ಒಂದನ್ನು ಬಿಟ್ಟರಾಯಿತು ಎಂದು ತಾಯಿತಂದೆಯರೇ ಲೆಕ್ಕ ಹಾಕುತ್ತಾರೆ. ಮೈಸೂರಿನ ಈ ಹುಡುಗ ಮಾತ್ರ ಮೂರರಲ್ಲಿ ಒಂದನ್ನೂ ಬಿಡಲಿಲ್ಲ.

ಇಂಗ್ಲಿಷ್ ಎಂ.ಎ. ಮುಗಿಸಿ ಕೇರಳದ ಕೊಲ್ಲಂ, ಗಡಿ ಊರಾದ ಬೆಳಗಾವಿ, ಬರೋಡಾಗಳಲ್ಲಿ ಪಾಠ ಹೇಳಿದರು. 1955ರಲ್ಲಿ ಧಾರವಾಡದಿಂದ ಗಾದೆಗಳ ಮೇಲಿನ ಅವರ ಪುಸ್ತಕ ಬಂತು. 1959ರಲ್ಲಿ ಅಮೆರಿಕಕ್ಕೆ ಹೋಗಿ, ಮುಂದೆ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ನೆಲೆಸಿದರು. ಅಲ್ಲಿ ಕೂತು ಕನ್ನಡದಲ್ಲಿಯೇ 'ಹೊಕ್ಕುಳಲ್ಲಿ ಹೂವಿಲ್ಲ', 'ಮತ್ತು ಇತರ ಪದ್ಯಗಳು', 'ಕುಂಟೋಬಿಲ್ಲೆ' ಸಂಕಲನಗಳನ್ನು ಬರೆದರು. 1973ರಲ್ಲಿ ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರ ವಚನಗಳನ್ನು ಇಂಗ್ಲಿಷಿಗೆ ತಂದರು. ಸೊಲ್ಲಾಪುರ, ಅಕ್ಕಲಕೋಟೆ, ಜತ್ ಕಡೆಯ ಮನೆಗಳಲ್ಲಿ ಬಾಯಿಪಾಠವಾಗಿರುವ ವಚನಗಳನ್ನು ಅಮೆರಿಕದ ಹುಡುಗರು ಓದುವಂತಾಯಿತು. 1981ರಲ್ಲಿ ನಮ್ಮಾಳ್ವಾರರ ತಮಿಳು ಪಾಶುರಗಳನ್ನು ಅನುವಾದಿಸಿದರು. ಆ ಪಾಶುರಗಳಿಗೆ ಮೊದಲ ವ್ಯಾಖ್ಯಾನ ಬರೆಸಿದವರು ರಾಮಾನುಜಾಚಾರ್ಯರೇ ಎಂದು ಸಂಪ್ರದಾಯ.

ರಾಮಾಯಣಗಳು ಎಷ್ಟು ಬಗೆ ಎಂದು ಅವರು ಬರೆದ ಪ್ರಬಂಧವನ್ನು ದೆಹಲಿ ವಿಶ್ವವಿದ್ಯಾಲಯ 2011ರಲ್ಲಿ ಪಠ್ಯದಿಂದ ತೆಗೆಯಿತು, ದೊಡ್ಡ ವಿವಾದವಾಯಿತು. ಅದನ್ನು ನೋಡಲು ಅವರಿರಲಿಲ್ಲ. 1993ರ ಜುಲೈ 13ರಂದು ಶಿಕಾಗೋದಲ್ಲಿ ತೀರಿಕೊಂಡಿದ್ದರು. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಮರಣಾನಂತರ, 1999ರಲ್ಲಿ ಬಂತು.

ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಅಜ್ಜಿಯರ ಬಾಯಿಂದ ಕೇಳಿ ಕೂಡಿಸಿದ ಕನ್ನಡದ ಕಥೆಗಳು. 1991ರಲ್ಲಿ ಅವರು ತಂದ ಭಾರತದ ಜನಪದ ಕಥೆಗಳ ಪುಸ್ತಕದಲ್ಲಿ ಅಂಥದೊಂದು ಇದೆ. ಒಬ್ಬ ಹೆಂಗಸಿಗೆ ಒಂದು ಕಥೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೇ ಇದ್ದು ಉಸಿರುಗಟ್ಟಿದ ಕಥೆ, ಹಾಡು ಎರಡೂ ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದವು. ಕಥೆ ಒಂದು ಜೊತೆ ಜೋಡಾಗಿ ಬಾಗಿಲಲ್ಲಿ ಕೂತಿತು, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತಾಡಿತು. ಗಂಡ ಬಂದು ನೋಡಿ, ಮನೆಗೆ ಯಾರು ಬಂದಿದ್ದಾರೆ ಎಂದು ಕೇಳಿದ. ಯಾರೂ ಇಲ್ಲ ಎಂದಳು. ಜಗಳವಾಯಿತು. ಅವನು ಕಂಬಳಿ ಎತ್ತಿಕೊಂಡು ಹನುಮಂತನ ಗುಡಿಗೆ ಮಲಗಲು ಹೋದ. ಊರಲ್ಲಿ ದೀಪ ಆರಿಸಿದ ಮೇಲೆ ಮನೆಮನೆಯ ದೀಪದ ಜ್ವಾಲೆಗಳು ರಾತ್ರಿ ಆ ಗುಡಿಯಲ್ಲಿ ಸೇರಿ ಹರಟುತ್ತಿದ್ದವು. ಅವನ ಮನೆಯ ದೀಪ ಅಂದು ತಡವಾಗಿ ಬಂತು. ಏಕೆ ತಡ ಎಂದು ಉಳಿದವು ಕೇಳಿದಾಗ ನಡೆದುದನ್ನೆಲ್ಲ ಹೇಳಿತು. ಕಂಬಳಿಯೊಳಗಿಂದ ಅವನು ಕೇಳಿಸಿಕೊಂಡ. ಅನುಮಾನ ಹರಿಯಿತು. ಬೆಳಗ್ಗೆ ಮನೆಗೆ ಬಂದು, ನಿನಗೆ ಗೊತ್ತಿರುವ ಆ ಕಥೆ ಯಾವುದು, ಆ ಹಾಡು ಯಾವುದು ಎಂದು ಹೆಂಡತಿಯನ್ನು ಕೇಳಿದ. ಅವಳಿಗೆ ಎರಡೂ ಮರೆತುಹೋಗಿದ್ದವು.