ಎರಡು ಲಿಪಿಗಳ ಪುಟ: ಗಡಿನಾಡಿನಿಂದ ಕಂಡ ಜಾಲತಾಣ ವಿನ್ಯಾಸದ ಬೆಳವಣಿಗೆ

ಜಾಲತಾಣ ವಿನ್ಯಾಸವೆಂದರೆ ಪುಟಕ್ಕೆ ಬಣ್ಣ ಹಚ್ಚಿ ಚಿತ್ರ ಕೂಡಿಸುವ ಕೆಲಸವೆಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಆದರೆ ಈ ವಿದ್ಯೆ ಬೆಳೆದುಬಂದ ಮೂರು ದಶಕಗಳನ್ನು ಭಾರತೀಯ ಭಾಷೆಗಳ ಕಡೆಯಿಂದ ನೋಡಿದರೆ, ಅದರ ಮುಖ್ಯ ತೊಡಕುಗಳೂ ಮುಖ್ಯ ಗೆಲುವುಗಳೂ ಅಕ್ಷರಕ್ಕೆ ಸಂಬಂಧಿಸಿದವೇ ಆಗಿವೆ. ಒಂದೇ ಊರಿನಲ್ಲಿ ಎರಡು ಮೂರು ಲಿಪಿಗಳು ಬಳಕೆಯಲ್ಲಿರುವ ಗಡಿ ಪ್ರದೇಶಗಳಲ್ಲಿ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯ ಉಮರಗಾ, ಲಾತೂರ ಜಿಲ್ಲೆಯ ನಿಲಂಗಾ ಮತ್ತು ಉದಗೀರ ಅಂಥ ಊರುಗಳು. ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೆ ಸೇರಿದ್ದು, ಆಮೇಲೆ ಮುಂಬಯಿ ರಾಜ್ಯಕ್ಕೆ ಹೋಗಿ, 1982ರಲ್ಲಿ ರಚನೆಯಾದ ಲಾತೂರ ಜಿಲ್ಲೆಯೊಳಗೆ ಬಂದವು. ಉಮರಗಾ ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿದ್ದು, ಬಸವಕಲ್ಯಾಣ ಮತ್ತು ಆಳಂದಗಳಿಗೆ ನೆರೆಯ ಊರಾಗಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಪೇಟೆಯಲ್ಲಿ ಇವೆರಡರ ಜೊತೆಗೆ ಉರ್ದು ಅಥವಾ ದಖ್ಖನಿ ಎಂಬುದು ಈ ಭಾಗದ ಅನೇಕ ಕುಟುಂಬಗಳ ನಿತ್ಯದ ರೂಢಿಯಾಗಿರುವುದರಿಂದ, ಇಲ್ಲಿಂದ ವಿನ್ಯಾಸಕಾರರಾಗಬಯಸುವವರಿಗೆ ಲಿಪಿಯ ಪ್ರಶ್ನೆ ಮೊದಲ ದಿನವೇ ಎದುರಾಗುತ್ತದೆ.

ಈ ಪ್ರದೇಶದಲ್ಲಿ ಗಣಕದ ಮೇಲಿನ ವಿನ್ಯಾಸ ಜಾಲಪುಟಕ್ಕಿಂತ ಮೊದಲು ಡಿಟಿಪಿ ಅಂಗಡಿಗಳ ಮೂಲಕ ಬಂತು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಚುನಾವಣೆಯ ಫ್ಲೆಕ್ಸ್ ಇವೇ ಇಲ್ಲಿಯ ವಿನ್ಯಾಸಕಾರರ ಮೊದಲ ಪಾಠಗಳಾಗಿದ್ದು, ಅವುಗಳ ಹಿಂದಿನ ತಂತ್ರಜ್ಞಾನದ ಬಹುಪಾಲು ಪುಣೆಯಿಂದ ಹೊರಟದ್ದಾಗಿತ್ತು. 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆ ಭಾರತೀಯ ಲಿಪಿಗಳನ್ನು ಗಣಕದಲ್ಲಿ ಮೂಡಿಸುವ ಜಿಸ್ಟ್ ತಂತ್ರಜ್ಞಾನವನ್ನು ಬೆಳೆಸಿತು. ಅದೇ ಊರಿನ ಮಾಡ್ಯುಲರ್ ಇನ್ಫೋಟೆಕ್ ಕಂಪನಿಯ ಶ್ರೀಲಿಪಿ ತಂತ್ರಾಂಶವು ಮರಾಠಿಯಂತೆ ಕನ್ನಡದ ಮುದ್ರಣಕ್ಕೂ ಒದಗಿತು. ಕರ್ನಾಟಕದ ಕಡೆಯಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ ತಂತ್ರಾಂಶ, ಮತ್ತು ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಈ ಕೆಲಸವನ್ನು ಮನೆಮನೆಗೆ ಮುಟ್ಟಿಸಿದವು. ಮಹಾರಾಷ್ಟ್ರ ಸರ್ಕಾರದ ಆಶ್ರಯದಲ್ಲಿ 2001ರಲ್ಲಿ ರೂಪುಗೊಂಡ ಮಹಾರಾಷ್ಟ್ರ ನಾಲೆಡ್ಜ್ ಕಾರ್ಪೊರೇಶನ್ನಿನ ಎಂಎಸ್-ಸಿಐಟಿ ಎಂಬ ಪ್ರಾಥಮಿಕ ಗಣಕ ಶಿಕ್ಷಣವು ತಾಲ್ಲೂಕು ಕೇಂದ್ರಗಳ ಹುಡುಗ ಹುಡುಗಿಯರ ಕೈಗೆ ಮೌಸ್ ಕೊಟ್ಟಿತು.

ಡಿಟಿಪಿಯ ಈ ಪರಂಪರೆ ಜಾಲತಾಣ ವಿನ್ಯಾಸಕ್ಕೆ ಬಲವನ್ನೂ ಒಂದು ಕೆಟ್ಟ ಅಭ್ಯಾಸವನ್ನೂ ಒಟ್ಟಿಗೆ ಕೊಟ್ಟಿತು. ಅಂದಿನ ಫಾಂಟುಗಳಲ್ಲಿ, ಅಂದರೆ ಅಕ್ಷರಗಳ ಆಕಾರಗಳನ್ನು ಹೊತ್ತ ಕಡತಗಳಲ್ಲಿ, ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿಯೇ ಕನ್ನಡದ ಅಥವಾ ದೇವನಾಗರಿಯ ತುಣುಕುಗಳನ್ನು ಕೂರಿಸಲಾಗಿತ್ತು. ಕಣ್ಣಿಗೆ ಕನ್ನಡವಾಗಿ ಕಂಡದ್ದು ಗಣಕದ ಲೆಕ್ಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿರುತ್ತಿತ್ತು. ಕಾಗದದ ಮೇಲೆ ಅಚ್ಚಾದ ಮೇಲೆ ಈ ಭೇದಕ್ಕೆ ಬೆಲೆಯಿಲ್ಲ. ಜಾಲದಲ್ಲಿ ಮಾತ್ರ ಇದು ದೊಡ್ಡ ಅಡ್ಡಿಯಾಯಿತು, ಏಕೆಂದರೆ ಆ ಫಾಂಟು ಇಲ್ಲದ ಗಣಕದಲ್ಲಿ ಪುಟ ಓದಲಾಗುತ್ತಿರಲಿಲ್ಲ, ಹುಡುಕಿದರೆ ಸಿಗುತ್ತಿರಲಿಲ್ಲ, ನಕಲು ಮಾಡಿದರೆ ಕಸವಾಗುತ್ತಿತ್ತು.

ವಿಶ್ವವ್ಯಾಪಿ ಜಾಲದ ಕಲ್ಪನೆಯನ್ನು ಟಿಮ್ ಬರ್ನರ್ಸ್-ಲೀ 1989ರಲ್ಲಿ ಮುಂದಿಟ್ಟಿದ್ದರೂ ಭಾರತದ ಸಾರ್ವಜನಿಕರಿಗೆ ಅಂತರಜಾಲ ತೆರೆದುಕೊಂಡದ್ದು 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮದ ಮೂಲಕ. ಮರುವರ್ಷ, 1996ರಲ್ಲಿ, ಯು.ಬಿ. ಪವನಜ ಅವರ ವಿಶ್ವಕನ್ನಡ ಜಾಲದಲ್ಲಿ ಕಾಣಿಸಿಕೊಂಡಿತು. ಪುಟದ ಜೊತೆಗೆ ಫಾಂಟೂ ತಾನಾಗಿ ಇಳಿದುಬರುವ ಚಲನಶೀಲ ಫಾಂಟ್ ಎಂಬ ತಂತ್ರವನ್ನು ಕನ್ನಡಕ್ಕೆ ಅಳವಡಿಸಿದ ಆರಂಭಿಕ ಪ್ರಯತ್ನಗಳಲ್ಲಿ ಅದೂ ಒಂದು. ಅದೇ 1996ರಲ್ಲಿ ಪುಟದ ವಿಷಯವನ್ನೂ ಅದರ ರೂಪವನ್ನೂ ಬೇರ್ಪಡಿಸುವ ಸಿಎಸ್‌ಎಸ್ ಎಂಬ ಶೈಲಿ ಭಾಷೆ ವಿಶ್ವಜಾಲ ಒಕ್ಕೂಟದ ಶಿಫಾರಸಾಗಿ ಹೊರಬಂದಿತು. ಎಚ್‌ಟಿಎಂಎಲ್ ಪುಟದಲ್ಲಿ ಏನಿದೆ ಎಂಬುದನ್ನು ಹೇಳಿದರೆ ಸಿಎಸ್‌ಎಸ್ ಅದು ಹೇಗೆ ಕಾಣಬೇಕು ಎಂಬುದನ್ನು ಹೇಳುತ್ತದೆ. ಇಂದಿನ ಸಲಕರಣೆಗಳೆಲ್ಲ ಕೊನೆಗೆ ಈ ಎರಡನ್ನೇ ಹೊಸೆಯುವುದರಿಂದ, ಇವನ್ನು ಕೈಯಿಂದ ಬರೆಯಲು ಕಲಿಯದೆ ಸಲಕರಣೆಗಳಿಗೆ ಹಾರುವವರ ಕಲಿಕೆ ಗಟ್ಟಿಯಾಗುವುದಿಲ್ಲ.

ಅಕ್ಷರದ ತೊಡಕಿಗೆ ಉತ್ತರ ಯೂನಿಕೋಡ್‌ನಿಂದ ಬಂತು. ಜಗತ್ತಿನ ಪ್ರತಿಯೊಂದು ಲಿಪಿಯ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಪ್ರತ್ಯೇಕ ಸಂಖ್ಯೆ ಕೊಡುವ ಈ ಶಿಷ್ಟತೆಯ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡವೂ ದೇವನಾಗರಿಯೂ ಅದರಲ್ಲಿದ್ದವು. ಆದರೆ 2000ದ ವಿಂಡೋಸ್‌ನಲ್ಲಿ ದೇವನಾಗರಿಯ ಮಂಗಲ್ ಫಾಂಟೂ 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡದ ತುಂಗಾ ಫಾಂಟೂ ಬರುವವರೆಗೆ ಸಾಮಾನ್ಯ ಬಳಕೆದಾರರಿಗೆ ಅದರ ಪ್ರಯೋಜನ ದಕ್ಕಲಿಲ್ಲ. ಆ ಪ್ರಯೋಜನ ದಕ್ಕಿದ ಮೇಲೆ, 2003ರ ಮೇ ತಿಂಗಳಲ್ಲಿ ಮರಾಠಿ ವಿಕಿಪೀಡಿಯ, ಜೂನ್ ತಿಂಗಳಲ್ಲಿ ಕನ್ನಡ ವಿಕಿಪೀಡಿಯ ಆರಂಭವಾದವು.

ಗಡಿನಾಡಿನ ಕಲಿಯುವವರು ಇಲ್ಲಿ ತುಸು ನಿಂತು ಗಮನಿಸಬೇಕಾದ ಸಂಗತಿಯೊಂದಿದೆ. ಭಾರತೀಯ ಲಿಪಿಗಳಿಗಾಗಿ ರೂಪಿಸಿದ ಇಸ್ಕಿ ಎಂಬ ಹಿಂದಿನ ಶಿಷ್ಟತೆಯ ಏರ್ಪಾಟನ್ನೇ ಯೂನಿಕೋಡ್ ಅನುಸರಿಸಿದ್ದರಿಂದ ದೇವನಾಗರಿಗೂ ಕನ್ನಡಕ್ಕೂ ತಲಾ 128 ಸ್ಥಾನಗಳ ಸಮಾನ ವಿಭಾಗಗಳು ದೊರೆತವು, ಮತ್ತು ಎರಡರಲ್ಲಿಯೂ ಸಮಾನ ಧ್ವನಿಗಳು ಸಮಾನ ಸ್ಥಾನದಲ್ಲಿ ಕುಳಿತವು. ದೇವನಾಗರಿಯ ‘ಕ’ಕಾರದ ಸಂಖ್ಯೆಗೆ 896 ಕೂಡಿಸಿದರೆ ಕನ್ನಡದ ‘ಕ’ಕಾರ ಸಿಗುತ್ತದೆ; ‘ಳ’ಕಾರಕ್ಕೂ ಅದೇ ಲೆಕ್ಕ. ಹೀಗಾಗಿ ಊರು, ವ್ಯಕ್ತಿ, ಅಂಗಡಿಗಳ ಹೆಸರುಗಳನ್ನು ಒಂದು ಲಿಪಿಯಿಂದ ಇನ್ನೊಂದಕ್ಕೆ ಸಾಗಿಸುವ ಚಿಕ್ಕ ಕ್ರಮವಿಧಿಯನ್ನು ಹೊಸಬರೂ ಬರೆಯಬಲ್ಲರು. ಆದರೆ ಕನ್ನಡದ ಹ್ರಸ್ವ ಎಕಾರ ಒಕಾರಗಳು ಮರಾಠಿಯ ಬರವಣಿಗೆಯಲ್ಲಿಲ್ಲ, ಇಂಗ್ಲಿಷ್ ಪದಗಳಿಗಾಗಿ ಮರಾಠಿಯವರು ಬಳಸುವ ಅರ್ಧಚಂದ್ರ ಸ್ವರಗಳಿಗೆ ಕನ್ನಡದ ವಿಭಾಗದಲ್ಲಿ ಸ್ಥಾನವಿಲ್ಲ. ಲೆಕ್ಕಕ್ಕೆ ಸಿಕ್ಕದ ಈ ಅಂಚುಗಳಲ್ಲಿ ಎರಡೂ ಭಾಷೆ ಬಲ್ಲವರ ಕಣ್ಣೇ ಬೇಕಾಗುವುದರಿಂದ, ಉದಗೀರದ ಹುಡುಗನಿಗೆ ಮಹಾನಗರದ ವಿನ್ಯಾಸಕಾರನಿಗಿಲ್ಲದ ಅನುಕೂಲ ಇಲ್ಲಿದೆ. ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ ಇದೇ ತತ್ತ್ವದ ಮೇಲೆ ನಿಂತಿದ್ದು, ಮರಾಠಿಯನ್ನು ಅದರಲ್ಲಿ ಬೆರಳಚ್ಚು ಮಾಡಬಲ್ಲವರು ಅದೇ ಕೀಲಿಗಳಿಂದ ಕನ್ನಡವನ್ನೂ ಮೂಡಿಸಬಹುದು.

ಸಂಕೇತದ ಸಮಸ್ಯೆ ತೀರಿದ ಮೇಲೆ ಸೌಂದರ್ಯದ ಸಮಸ್ಯೆ ಉಳಿಯಿತು. ಬಹಳ ವರ್ಷ ಕನ್ನಡ ಪುಟವೆಂದರೆ ಓದುಗರ ಗಣಕದಲ್ಲಿದ್ದ ಒಂದೇ ಒಂದು ಫಾಂಟಿನ ಪುಟವಾಗಿತ್ತು. 2010ರಲ್ಲಿ ಗೂಗಲ್ ಫಾಂಟ್ಸ್ ಆರಂಭವಾದದ್ದು, ಫಾಂಟನ್ನು ಹಿಂಡಿ ಹಗುರಗೊಳಿಸುವ ವಾಫ್ ಎಂಬ ರೂಪ 2012ರಲ್ಲಿಯೂ ಅದರ ಎರಡನೆಯ ಆವೃತ್ತಿ 2018ರಲ್ಲಿಯೂ ಶಿಫಾರಸಾದದ್ದು ಈ ಸ್ಥಿತಿಯನ್ನು ಬದಲಿಸಿದವು. ನೋಟೊ ಕುಟುಂಬದ ಕನ್ನಡ ಫಾಂಟುಗಳು, ಮುಂಬಯಿಯ ಏಕ್ ಟೈಪ್ ಸಂಸ್ಥೆಯ ಬಾಲೂ ತಮ್ಮ, 2022ರಲ್ಲಿ ಅದೇ ಸಂಸ್ಥೆ ಬಿಡುಗಡೆ ಮಾಡಿದ ಅನೇಕ್ ಇವೆಲ್ಲ ಈಗ ಉಚಿತವಾಗಿ ದೊರೆಯುತ್ತವೆ. ಅನೇಕ್‌ನಂಥ ಕುಟುಂಬದಲ್ಲಿ ಕನ್ನಡ, ದೇವನಾಗರಿ, ರೋಮನ್ ಲಿಪಿಗಳನ್ನು ಒಂದೇ ತೂಕಕ್ಕೆ, ಒಂದೇ ಲಯಕ್ಕೆ ಹೊಂದಿಸಿ ಬಿಡಿಸಿರುವುದರಿಂದ ದ್ವಿಭಾಷಾ ಪುಟಕ್ಕೆ ಅದಕ್ಕಿಂತ ಸುಲಭವಾದ ಆರಂಭವಿಲ್ಲ. ಫಾಂಟಿನ ಭಾರವನ್ನು ಮಾತ್ರ ಲೆಕ್ಕಹಾಕಲೇಬೇಕು: ಕಾಗುಣಿತ ಮತ್ತು ಒತ್ತಕ್ಷರಗಳಿಂದಾಗಿ ಕನ್ನಡ ಫಾಂಟಿನಲ್ಲಿ ನೂರಾರು ಆಕಾರಗಳಿರುವುದು ಅನಿವಾರ್ಯವಾದ್ದರಿಂದ, ನಾಲ್ಕೈದು ಫಾಂಟುಗಳನ್ನು ಒಂದೇ ಪುಟಕ್ಕೆ ತುಂಬಿದರೆ ದುರ್ಬಲ ಸಂಪರ್ಕದ ಹಳ್ಳಿಯಲ್ಲಿ ಪುಟ ತೆರೆಯುವುದೇ ಕಷ್ಟವಾಗುತ್ತದೆ.

ಇಂಗ್ಲಿಷಿಗಾಗಿ ಹೇಳಿದ ವಿನ್ಯಾಸದ ಸೂತ್ರಗಳನ್ನು ಹಾಗೆಯೇ ಎತ್ತಿಕೊಂಡರೆ ಕನ್ನಡ ಪುಟ ಕೆಡುತ್ತದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವಿನ ಅಂತರ ಇಂಗ್ಲಿಷಿಗಿಂತ ಹೆಚ್ಚಿರಬೇಕು; ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಅಕ್ಷರಗಳ ನಡುವೆ ಅಂತರ ಬಿಡಿಸುವ ಅಲಂಕಾರ ದೇವನಾಗರಿಯಲ್ಲಿ ಶಿರೋರೇಖೆಯನ್ನು ತುಂಡರಿಸುತ್ತದೆ. ದೊಡ್ಡಕ್ಷರ ಚಿಕ್ಕಕ್ಷರಗಳ ಭೇದ ಎರಡೂ ಲಿಪಿಗಳಲ್ಲಿಲ್ಲದ ಕಾರಣ ಶೀರ್ಷಿಕೆಯನ್ನು ಗಾತ್ರ, ತೂಕ, ಬಣ್ಣಗಳಿಂದಲೇ ಎದ್ದುಕಾಣಿಸಬೇಕು. ಓರೆಯಾಗಿ ವಾಲಿಸಿದ ಕನ್ನಡವಂತೂ ಮುದ್ರಣದಲ್ಲಿಯೂ ಜಾಲದಲ್ಲಿಯೂ ಒಪ್ಪುವುದು ಅಪರೂಪ. ಇನ್ನು ಕನ್ನಡದ ಪದಗಳು ಪ್ರತ್ಯಯ ಮತ್ತು ಸಂಧಿಗಳಿಂದ ಉದ್ದವಾಗುವುದರಿಂದ, ಇಂಗ್ಲಿಷಿನ ಚಿಕ್ಕ ಪದಕ್ಕೆ ಅಳೆದು ಮಾಡಿದ ಗುಂಡಿಯಲ್ಲಿ ‘ನೋಂದಾಯಿಸಿಕೊಳ್ಳಿ’ ಎಂಬುದು ಹಿಡಿಯುವುದಿಲ್ಲ.

ಪುಟದ ಪ್ರತಿ ಭಾಗಕ್ಕೂ ಅದರ ಭಾಷೆಯ ಗುರುತು ಹಾಕುವುದು ಮುಖ್ಯವಾದರೂ ಹೆಚ್ಚಿನವರು ಬಿಟ್ಟುಬಿಡುವ ಕೆಲಸ. ಎಚ್‌ಟಿಎಂಎಲ್‌ನಲ್ಲಿ ಕನ್ನಡಕ್ಕೆ ‘ಕೆಎನ್’, ಮರಾಠಿಗೆ ‘ಎಂಆರ್’ ಎಂಬ ಸಂಕೇತಗಳಿದ್ದು, ಫಾಂಟಿನ ಆಯ್ಕೆಗೂ ದೃಷ್ಟಿಹೀನರಿಗೆ ಪುಟವನ್ನು ಓದಿಹೇಳುವ ತಂತ್ರಾಂಶಗಳ ಉಚ್ಚಾರಣೆಗೂ ಇವೇ ಆಧಾರ. ಭಾಷೆಯ ಜೊತೆಗೆ ಲಿಪಿಯನ್ನೂ ಹೇಳುವ ಅವಕಾಶವಿದೆ. ಈ ಭಾಗದಲ್ಲಿ ಕನ್ನಡ ಮಾತಾಡಬಲ್ಲ, ಆದರೆ ದೇವನಾಗರಿಯನ್ನಷ್ಟೇ ಓದಬಲ್ಲ ತರುಣರು ಕಡಿಮೆಯಿಲ್ಲದಿರುವುದರಿಂದ, ದೇವನಾಗರಿಯಲ್ಲಿ ಬರೆದ ಕನ್ನಡಕ್ಕೂ ಧ್ವನಿಮುದ್ರಿಕೆಗೂ ಪುಟದಲ್ಲಿ ಜಾಗ ಕೊಡುವ ವಿಚಾರ ಇಲ್ಲಿಯ ವಿನ್ಯಾಸಕಾರರಿಗೆ ಹೊಳೆಯಬೇಕಾದದ್ದೇ. ಇನ್ನು ಕನ್ನಡದ ಪಠ್ಯವನ್ನು ಚಿತ್ರವಾಗಿಸಿ ಅಂಟಿಸುವ ಫ್ಲೆಕ್ಸ್ ಕಾಲದ ರೂಢಿಯನ್ನು ಬಿಡಲೇಬೇಕು. ಚಿತ್ರದೊಳಗಿನ ಮಾತು ಓದುವ ತಂತ್ರಾಂಶಕ್ಕೂ ಹುಡುಕುವ ಯಂತ್ರಕ್ಕೂ ನೇರವಾಗಿ ಸಿಗುವುದಿಲ್ಲ.

ಮೊಬೈಲು ಈ ವಿದ್ಯೆಯ ಎರಡನೆಯ ದೊಡ್ಡ ತಿರುವು. ತೆರೆಯ ಅಗಲಕ್ಕೆ ತಕ್ಕಂತೆ ಪುಟವೇ ಹೊಂದಿಕೊಳ್ಳುವ ಸ್ಪಂದನಶೀಲ ವಿನ್ಯಾಸವನ್ನು ಈಥನ್ ಮಾರ್ಕಾಟ್ 2010ರಲ್ಲಿ ಪ್ರತಿಪಾದಿಸಿದರು. 2017ರಲ್ಲಿ ಪ್ರಮುಖ ಬ್ರೌಸರುಗಳಿಗೆ ಬಂದ ಸಿಎಸ್‌ಎಸ್ ಗ್ರಿಡ್ ಅದನ್ನು ಸುಲಭಗೊಳಿಸಿತು. ನಡುವೆ, 2016ರ ಸೆಪ್ಟೆಂಬರಿನಲ್ಲಿ ಜಿಯೊ ಆರಂಭವಾದ ಮೇಲೆ ಅಗ್ಗದ ಡೇಟಾ ದೇಶದ ಸಣ್ಣ ಊರುಗಳಿಗೂ ಹರಿದು, ಓದುಗರ ಮೊದಲ ತೆರೆಯೇ ಮೊಬೈಲ್ ಆಯಿತು. ಉದಗೀರದ ಬೇಳೆಕಾಳು ಪೇಟೆಯ ಅಡತಿ ವ್ಯಾಪಾರಿಯೊಬ್ಬರಿಗೆ ಪುಟ ಮಾಡುವಾಗ ತೊಗರಿಯ ದರ, ಅಂಗಡಿಯ ವಿಳಾಸ, ಕರೆ ಮಾಡುವ ಗುಂಡಿ ಈ ಮೂರೂ ಹೆಬ್ಬೆರಳಿಗೆ ಸಿಗುವಂತಿದ್ದು, ಬಿಸಿಲಿನಲ್ಲಿಯೂ ಓದಬರುವಂತಿದ್ದರೆ ಕೆಲಸದ ಬಹುಪಾಲು ಮುಗಿದಂತೆ. ಪಠ್ಯ ಮತ್ತು ಹಿನ್ನೆಲೆಗಳ ಹೊಳಪಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕೆಂಬ ಅಂತರರಾಷ್ಟ್ರೀಯ ನಿಯಮವೂ ಕೇಳುವುದು ಇದನ್ನೇ.

ಸಲಕರಣೆಗಳ ವಿಚಾರದಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. 1997ರ ಡ್ರೀಮ್‌ವೀವರ್ ಹಿನ್ನೆಲೆಗೆ ಸರಿಯಿತು, ಒಂದು ಕಾಲಕ್ಕೆ ವಿನ್ಯಾಸದ ಪರ್ಯಾಯಪದವೇ ಆಗಿದ್ದ ಫ್ಲ್ಯಾಶ್ 2020ರ ಕೊನೆಗೆ ನಿಂತೇಹೋಯಿತು. 2003ರ ವರ್ಡ್‌ಪ್ರೆಸ್ ಉಳಿದುಕೊಂಡಿದೆ. 2016ರಲ್ಲಿ ಎಲ್ಲರಿಗೂ ತೆರೆದ ಫಿಗ್ಮಾ ಇಂದು ಪುಟದ ನಕ್ಷೆ ಬಿಡಿಸಲು ಹೆಚ್ಚು ಬಳಕೆಯಲ್ಲಿದೆ, ಮತ್ತು ಪೆನ್‌ಪಾಟ್, ಇಂಕ್‌ಸ್ಕೇಪ್‌ಗಳು ಮುಕ್ತವಾಗಿ ದೊರೆಯುತ್ತವೆ. ಹೊಸಬರು ಕಲಿಕೆಗೆ ಯಾವುದನ್ನು ಆರಿಸಿದರೂ ನಷ್ಟವಿಲ್ಲ. ಪ್ರವೃತ್ತಿಗಳಲ್ಲಿ ಕಪ್ಪು ಹಿನ್ನೆಲೆಯ ಪುಟ, ಒಂದೇ ಕಡತದಲ್ಲಿ ತೆಳುವಿನಿಂದ ದಪ್ಪದವರೆಗೆ ಹಿಗ್ಗಬಲ್ಲ ಚರ ಫಾಂಟುಗಳು ಬಾಳಿಕೆ ಬರುವಂತಿವೆ. ಕೃತಕ ಬುದ್ಧಿಮತ್ತೆಯಿಂದ ಪುಟದ ಹಂದರ ಹೆಣೆಸುವುದು ವೇಗ ತಂದಿದೆ ನಿಜ, ಆದರೆ ಅದು ಬಿಡಿಸಿದ ಚಿತ್ರಗಳೊಳಗಿನ ಕನ್ನಡದಲ್ಲಿ ಒತ್ತಕ್ಷರಗಳು ಕೆಟ್ಟು ಬರುವುದು ಸಾಮಾನ್ಯವಾದ್ದರಿಂದ ಪರೀಕ್ಷಿಸದೆ ಬಳಸುವಂತಿಲ್ಲ.

ಈ ಮೂರು ಊರುಗಳಿಂದ ವಿನ್ಯಾಸಕ್ಕೆ ಬರುವ ತರುಣರು ಮಹಾನಗರದ ಕಂಪನಿಗಳ ಪುಟಗಳನ್ನು ಅನುಕರಿಸುತ್ತ ಕೂರುವುದಕ್ಕಿಂತ, ತಮ್ಮ ಊರಿನ ಒಂದು ಮಠಕ್ಕೋ ಶಾಲೆಗೋ ಅಡತಿ ಅಂಗಡಿಗೋ ಕನ್ನಡ–ಮರಾಠಿಗಳೆರಡರಲ್ಲಿಯೂ ಒಂದು ಹಗುರವಾದ ಪುಟ ಮಾಡಿ, ಅದನ್ನು ಕಡಿಮೆ ಬೆಲೆಯ ಮೊಬೈಲಿನಲ್ಲಿ ಹಿರಿಯರಿಂದ ಓದಿಸಿ ನೋಡಿ, ಅವರು ತಡವರಿಸಿದಲ್ಲೆಲ್ಲ ತಿದ್ದುವುದರಿಂದ ಆರಂಭಿಸಬೇಕು.